ರೋಣದಲ್ಲೊಂದು ಜೈವಿಕ ಅಣು ವಿನ್ಯಾಸ ಸ್ಪರ್ಧೆ: ದೊಡ್ಡ ಲ್ಯಾಬ್ ಇಲ್ಲದೆ ನಡೆಸುವ ಬಗೆ

ಡಿಎನ್‌ಎ, ಆರ್‌ಎನ್‌ಎ, ಪ್ರೊಟೀನುಗಳನ್ನು ಬಳಸಿ ಹೊಸದೇನನ್ನಾದರೂ ರೂಪಿಸಿ ತೋರಿಸುವ ವಿದ್ಯಾರ್ಥಿ ಸ್ಪರ್ಧೆಗಳಿಗೆ ಎರಡು ದಶಕಗಳ ಇತಿಹಾಸವಿದೆ. ಅಮೆರಿಕದ ಎಂಐಟಿಯಲ್ಲಿ 2004ರಲ್ಲಿ ಐಜೆಮ್ ಸ್ಪರ್ಧೆ ಶುರುವಾಯಿತು. ಹಾರ್ವರ್ಡ್‌ನ ವೀಸ್ ಸಂಸ್ಥೆಯಲ್ಲಿ 2011ರಿಂದ ಬಯೋಮಾಡ್ ನಡೆಯಿತು. ಪದವಿ ವಿದ್ಯಾರ್ಥಿಗಳ ತಂಡಗಳು ಬೇಸಿಗೆಯಿಡೀ ದುಡಿದು, ಒಂದು ಜಾಲತಾಣ, ಒಂದು ಕಿರು ವಿಡಿಯೊ ಮತ್ತು ವೇದಿಕೆಯ ಮೇಲಿನ ವಿವರಣೆಯ ಮೂಲಕ ತಮ್ಮ ಕೆಲಸವನ್ನು ಮುಂದಿಡಬೇಕಿತ್ತು. ನಮ್ಮ ರಾಜ್ಯಕ್ಕೂ ಇದು ದೂರದ ಸಂಗತಿಯಲ್ಲ. 2009ರ ಐಜೆಮ್‌ಗೆ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ತಂಡವೊಂದು ಹೋಗಿತ್ತು. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಬ್ಯಾಕ್ಟೀರಿಯಾದಿಂದ ತಯಾರಿಸುವುದು ಅವರ ಯೋಜನೆ. ಅವರು ಜೀವವಿಜ್ಞಾನದವರಲ್ಲ, ಕಲಾ ವಿದ್ಯಾರ್ಥಿಗಳು. ಇಂಥ ಸ್ಪರ್ಧೆಯ ತೂಕ ಉಪಕರಣಕ್ಕಿಂತ ಹೆಚ್ಚಾಗಿ ಪ್ರಶ್ನೆಯ ಆಯ್ಕೆಯನ್ನೂ ತೀರ್ಪಿನ ಕ್ರಮವನ್ನೂ ಅವಲಂಬಿಸಿದೆ ಎಂಬುದು ನನ್ನ ವಾದ. ಹಾಗಿದ್ದರೆ ರೋಣ, ನರಗುಂದ, ಗಜೇಂದ್ರಗಡದ ಕಾಲೇಜುಗಳು ಸೇರಿ ಇದನ್ನು ನಡೆಸಲು ಅಡ್ಡಿಯಿಲ್ಲ.

ಮೊದಲ ಕೆಲಸ ಪ್ರಶ್ನೆಯನ್ನು ಗೊತ್ತುಮಾಡುವುದು. ವಿಷಯವನ್ನು ತಂಡಗಳ ಇಷ್ಟಕ್ಕೇ ಬಿಟ್ಟರೆ ಕ್ಯಾನ್ಸರ್ ಗುಣಪಡಿಸುವ ಹತ್ತು ಯೋಜನೆಗಳು ಬರುತ್ತವೆ, ಯಾವುದನ್ನೂ ಅಳೆಯಲಾಗುವುದಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ ಕೊಡಿ, ಅದು ಊರಿನದಾಗಿರಲಿ. ಮುಂಗಾರಿ ಹೆಸರಿಗೆ ಬಿಳಿನೊಣ ತರುವ ಹಳದಿ ನಂಜು ರೋಗ ಒಳ್ಳೆಯ ವಿಷಯ. ಆ ವೈರಸ್ಸಿನ ಡಿಎನ್‌ಎ ಅಕ್ಷರಸಾಲು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲ ವರ್ಷಕ್ಕೆ ನಾನು ಮುಂದಿಡುವುದು ಮಾತ್ರ ಕೊಳವೆಬಾವಿಯ ಫ್ಲೋರೈಡ್. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಗದಗ ಜಿಲ್ಲೆಯ ಹಲವು ಬೋರ್‌ವೆಲ್‌ಗಳು ಈ ಗಡಿ ದಾಟಿವೆ. ನದಿ ನೀರಿನ ಯೋಜನೆ ಬಂದ ಮೇಲೆ ಈ ಚರ್ಚೆ ಹಳತಾಯಿತೆನ್ನುವವರಿದ್ದಾರೆ. ಆದರೆ ಪೈಪಿನ ನೀರು ನಿಂತ ದಿನ ಜನ ಮರಳುವುದು ಬೋರ್‌ವೆಲ್ಲಿಗೇ.

ಫ್ಲೋರೈಡ್ ಅಣು ವಿನ್ಯಾಸಕ್ಕೆ ಹೊಂದುವುದು ಒಂದು ವಿಚಿತ್ರ ಕಾರಣಕ್ಕೆ. ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಅವರ ಗುಂಪು 2012ರಲ್ಲಿ ಬ್ಯಾಕ್ಟೀರಿಯಾಗಳಲ್ಲಿ ಫ್ಲೋರೈಡನ್ನು ಗುರುತಿಸುವ ಆರ್‌ಎನ್‌ಎ ತುಣುಕೊಂದನ್ನು ವರದಿ ಮಾಡಿತು. ಇದನ್ನು ರೈಬೋಸ್ವಿಚ್ ಎನ್ನುತ್ತಾರೆ. ಫ್ಲೋರೈಡ್ ಅಂಟಿದಾಗ ಅದರ ಮಡಿಕೆ ಗಟ್ಟಿಯಾಗಿ, ವಿಷವನ್ನು ಹೊರಹಾಕುವ ಜೀನುಗಳು ಚಾಲೂ ಆಗುತ್ತವೆ. ಆರ್‌ಎನ್‌ಎಗೆ ಇರುವುದು ಋಣ ವಿದ್ಯುದಂಶ, ಫ್ಲೋರೈಡಿಗೂ ಅದೇ. ಒಂದನ್ನೊಂದು ದೂಡಬೇಕಾದವು ಅಂಟಿಕೊಳ್ಳುವುದು ಹೇಗೆ? ನಡುವೆ ಮೂರು ಮೆಗ್ನೀಸಿಯಂ ಅಯಾನುಗಳು ಫ್ಲೋರೈಡನ್ನು ಸುತ್ತುವರಿದು ನಿಂತಿರುತ್ತವೆ ಎಂದು ಅದೇ ವರ್ಷ ಬಿಡಿಸಿದ ಸ್ಫಟಿಕ ರಚನೆ ತೋರಿಸಿತು. ಆ ತುಣುಕಿನ ಉದ್ದ ಸುಮಾರು 50 ಅಕ್ಷರ. ನೋಟ್‌ಬುಕ್ಕಿನ ಎರಡು ಸಾಲಿಗೆ ಹಿಡಿಯುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಇದನ್ನೇ ಬಳಸಿ, ಜೀವಕೋಶವಿಲ್ಲದ ಒಣ ಮಿಶ್ರಣಕ್ಕೆ ನೀರು ಬೆರೆಸಿದರೆ ಫ್ಲೋರೈಡ್ ಪತ್ತೆಯಾಗುವ ಪರೀಕ್ಷೆ ರೂಪಿಸಿ, ಕೋಸ್ಟರಿಕಾದಲ್ಲಿ ಸ್ಥಳದಲ್ಲೇ ಪ್ರಯೋಗಿಸಿ, 2020ರಲ್ಲಿ ಪ್ರಕಟಿಸಿದರು. ನಮ್ಮ ತಂಡಗಳಿಗೆ ಕೊಡಬೇಕಾದ ಕೆಲಸ ಇಷ್ಟು: ಈ ಸಾಲಿನಲ್ಲಿ ಮೂರಕ್ಕಿಂತ ಹೆಚ್ಚಿಲ್ಲದಂತೆ ಅಕ್ಷರ ಬದಲಿಸಿ, ಸ್ವಿಚ್ಚು ಹೇಗೆ ಬದಲಾಗುತ್ತದೆಂದು ಊಹಿಸಿ, ಕಾರಣ ಕೊಡಿ.

ತಂಡಕ್ಕೆ ನಾಲ್ವರು ಸಾಕು, ಒಂದೇ ವಿಷಯದವರು ಬೇಡ. ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಓದುವವರು ಬೆರೆಯಲಿ. ದ್ವಿತೀಯ ಪಿಯು ಪಠ್ಯದಲ್ಲಿ ಬರುವ ಪ್ರತ್ಯಾಮ್ಲ ಜೋಡಣೆ ಗೊತ್ತಿದ್ದರೆ ಆರಂಭಕ್ಕೆ ಅಡ್ಡಿಯಿಲ್ಲ. ಪಿಯು ವಿದ್ಯಾರ್ಥಿಗಳು ಇರುವುದರಿಂದ ಗದಗಿನ ಪದವಿಪೂರ್ವ ಶಿಕ್ಷಣ ಉಪನಿರ್ದೇಶಕರ ಕಚೇರಿಗೆ ಜುಲೈನಲ್ಲೇ ಪತ್ರ ಕೊಡಿ. ಆಗಸ್ಟಿನಲ್ಲಿ ಮೂರು ತಾಲ್ಲೂಕಿನಲ್ಲೂ ಒಂದೊಂದು ದಿನದ ತರಬೇತಿ, ನವೆಂಬರಿನಲ್ಲಿ ಅಂತಿಮ ಸುತ್ತು. ಅದಕ್ಕಿಂತ ತಡವಾದರೆ ವಾರ್ಷಿಕ ಪರೀಕ್ಷೆ, ಸಿಇಟಿ, ನೀಟ್ ಎದುರಿಗೆ ಬಂದು ನಿಲ್ಲುತ್ತವೆ. ಸಾಧನಗಳಿಗೆ ಖರ್ಚಿಲ್ಲ. ಪ್ರೊಟೀನ್ ಡೇಟಾ ಬ್ಯಾಂಕಿನಲ್ಲಿ ರಚನೆಯ ಫೈಲ್ ಸಿಗುತ್ತದೆ, ವಿಯೆನ್ನಾದ ಆರ್‌ಎನ್‌ಎಫೋಲ್ಡ್ ತಂತ್ರಾಂಶ ಬ್ರೌಸರಿನಲ್ಲೇ ಮಡಿಕೆ ಲೆಕ್ಕ ಹಾಕುತ್ತದೆ. ಕರೆಂಟು, ನೆಟ್‌ವರ್ಕ್ ನಂಬಬೇಡಿ. ಫೈಲುಗಳನ್ನು ಮೊದಲೇ ಪೆನ್‌ಡ್ರೈವಿಗೆ ಇಳಿಸಿ, ಚಿತ್ರಗಳನ್ನು ಮುದ್ರಿಸಿ ಹಂಚಿ. ಊರಿನ ಫ್ಲೋರೈಡ್ ಮಟ್ಟಕ್ಕೆ ಗ್ರಾಮ ಪಂಚಾಯಿತಿಯನ್ನು ಕೇಳಿ. ಜಲಜೀವನ ಮಿಷನ್ನಿನಡಿ ಅವರಿಗೆ ಕೊಟ್ಟಿರುವ ನೀರು ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡ್ ಪರೀಕ್ಷೆಯೂ ಇದೆ.

ತೀರ್ಪಿನಲ್ಲೇ ಹೆಚ್ಚಿನ ಸ್ಪರ್ಧೆಗಳು ಮುಗ್ಗರಿಸುತ್ತವೆ. ಬಣ್ಣದ ಪಿಪಿಟಿ ಗೆಲ್ಲುತ್ತದೆ. ನೂರು ಅಂಕಗಳಲ್ಲಿ ಮೂವತ್ತನ್ನು ರಚನೆಯ ತರ್ಕಕ್ಕೂ, ಇನ್ನು ಮೂವತ್ತನ್ನು ಒಂದೇ ಪ್ರಶ್ನೆಗೂ ಮೀಸಲಿಡಿ: ನಿಮ್ಮ ಊಹೆ ತಪ್ಪೆಂದು ಯಾವ ಪರೀಕ್ಷೆಯಿಂದ ಗೊತ್ತಾಗುತ್ತದೆ? ಇದಕ್ಕೆ ಉತ್ತರವಿಲ್ಲದ ವಿನ್ಯಾಸ ಎಷ್ಟು ಅಂದವಾಗಿದ್ದರೂ ಗೆಲ್ಲಬಾರದು. ಇಪ್ಪತ್ತು ಅಂಕ ಸ್ಥಳೀಯ ಮಾಹಿತಿಗೆ, ಉಳಿದಿದ್ದು ವಿಜ್ಞಾನ ಓದದ ಒಬ್ಬ ತೀರ್ಪುಗಾರರಿಗೆ ಕನ್ನಡದಲ್ಲಿ ತಿಳಿಯುವಂತೆ ಹೇಳಿದ್ದಕ್ಕೆ. ಜೊತೆಗೆ ಒಂದು ಬಲೆಯನ್ನೂ ಬೇಕೆಂದೇ ಬಿಡಬಹುದು. ಈ ರೈಬೋಸ್ವಿಚ್ಚಿನ ಒಂದು ಕುಣಿಕೆ ದೂರದ ಅಕ್ಷರಗಳ ಜೊತೆ ಹೆಣೆದುಕೊಂಡು ಗಂಟಾಗುತ್ತದೆ. ಆರ್‌ಎನ್‌ಎಫೋಲ್ಡ್ ಅಂಥ ಗಂಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪರದೆಯ ಚಿತ್ರಕ್ಕೂ ಸ್ಫಟಿಕ ರಚನೆಗೂ ವ್ಯತ್ಯಾಸವಿದೆಯೆಂದು ತಾನಾಗಿ ಗಮನಿಸಿದ ತಂಡ ನಿಜವಾಗಿ ಕೆಲಸ ಮಾಡಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯಗಳಿಂದ ತೀರ್ಪುಗಾರರನ್ನು ಕರೆಯಬಹುದು, ಆದರೆ ಈ ಅಂಕಪಟ್ಟಿ ಒಪ್ಪಿದ ಮೇಲೆ.

ಲ್ಯಾಬಿನಲ್ಲಿ ಮಾಡಿ ನೋಡದಿದ್ದರೆ ಇದು ಬರೀ ಹಾಳೆಯ ವಿಜ್ಞಾನವಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ಹಾಳೆಯ ಮೇಲೆ ಸರಿ ಕಂಡ ವಿನ್ಯಾಸಗಳು ನಳಿಕೆಯಲ್ಲಿ ಸೋಲುವುದುಂಟು. ಹಾಗೆಂದು ವಿನ್ಯಾಸದ ಹಂತ ಕೀಳಲ್ಲ: 2024ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧಪಾಲು ಡೇವಿಡ್ ಬೇಕರ್ ಅವರಿಗೆ ಸಂದದ್ದು ಗಣಕದ ನೆರವಿನ ಪ್ರೊಟೀನ್ ವಿನ್ಯಾಸಕ್ಕೆ. ಕಾನೂನಿನ ಮಾತೂ ಇದೆ. ಜೀನು ಮಾರ್ಪಾಡು ಮಾಡಿದ ಜೀವಿಗಳ ಪ್ರಯೋಗಕ್ಕೆ ಕೇಂದ್ರದ 1989ರ ನಿಯಮಗಳ ಪ್ರಕಾರ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ತಾಲ್ಲೂಕು ಕಾಲೇಜು ಆ ಗೋಜಿಗೆ ಹೋಗದಿರುವುದೇ ಸರಿ. ಯಾರೂ ಬ್ಯಾಕ್ಟೀರಿಯಾ ಬೆಳೆಸಬಾರದೆಂದು ನಿಯಮಾವಳಿಯಲ್ಲೇ ಬರೆಯಿರಿ, ಪ್ರಮಾಣಪತ್ರದಲ್ಲಿ ‘ಆವಿಷ್ಕಾರ’ ಎಂಬ ಪದ ಬಳಸಬೇಡಿ. ಇನ್ನೊಂದು ಭಯ, ಎಲ್ಲವನ್ನೂ ಚಾಟ್‌ಜಿಪಿಟಿ ಬರೆದುಕೊಡುತ್ತದೆ ಎಂಬುದು. ಬರೆದುಕೊಡಲಿ. ತೀರ್ಪುಗಾರರು ವೇದಿಕೆಯಲ್ಲೇ ಒಂದು ಅಕ್ಷರ ತಿದ್ದಿ, ಈಗ ಏನಾಗುತ್ತದೆ ಎಂದು ತಂಡದಲ್ಲಿ ತಮಗೆ ಬೇಕಾದವರನ್ನು ಕೇಳಲಿ. ಕಪ್ಪು ಹಲಗೆಯೊಂದೇ ಆಸರೆ.

ಅಂತಿಮ ಸುತ್ತು ರೋಣದಲ್ಲಿರಲಿ. ನರಗುಂದ ಪಶ್ಚಿಮಕ್ಕೆ, ಗಜೇಂದ್ರಗಡ ಪೂರ್ವಕ್ಕೆ, ನಡುವೆ ಇರುವುದು ಅದೇ. ಬೆಳಿಗ್ಗೆ ಹತ್ತಕ್ಕೆ ಶುರುಮಾಡಿ ನಾಲ್ಕಕ್ಕೆ ಬಹುಮಾನ ಕೊಟ್ಟು ಮುಗಿಸಿ, ಹಳ್ಳಿಯ ಹೆಣ್ಣುಮಕ್ಕಳಿಗೆ ಸಂಜೆಯ ಬಸ್ಸು ತಪ್ಪಬಾರದು. ಉದ್ಘಾಟನೆಗೆ ಅರ್ಧ ಗಂಟೆ ಸಾಕು, ಗಣ್ಯರು ಎಷ್ಟೇ ಇದ್ದರೂ. ಸೋತ ವಿನ್ಯಾಸಗಳನ್ನೂ ತೀರ್ಪುಗಾರರ ಟಿಪ್ಪಣಿಯ ಜೊತೆಗೆ ಮುದ್ರಿಸಿ ಮೂರು ಊರಿನ ಕಾಲೇಜು ಗ್ರಂಥಾಲಯಗಳಲ್ಲಿಡಿ, ಮುಂದಿನ ವರ್ಷದ ತರಬೇತಿ ಆ ಕಡತದಿಂದಲೇ ಆರಂಭವಾಗಲಿ.