ಬೆತ್ತವೂ ಕುರುಬನ ಕೋಲೂ

"ಬೆತ್ತ ಹಿಡಿಯೆಂದು ಬೈಬಲ್ಲೇ ಹೇಳಿದೆಯಲ್ಲವೇ, ಗುರುಗಳೇ?" ಎಂದು ಗಡಹಿಂಗ್ಲಜದ ಕ್ರೈಸ್ತ ಪಾಲಕರೊಬ್ಬರು ನನ್ನನ್ನು ಕೇಳಿದ್ದರು. ಹೇಳಿರುವುದು ನಿಜ, ಜ್ಞಾನೋಕ್ತಿಗಳ 13ನೆಯ ಅಧ್ಯಾಯದಲ್ಲಿ. ಆದರೆ ಅಲ್ಲಿಯ ಹೀಬ್ರೂ ಶಬ್ದ 'ಶೇವೆಟ್'. 23ನೆಯ ಕೀರ್ತನೆಯಲ್ಲಿ ಧೈರ್ಯ ನೀಡುವ ಕುರುಬನ ದೊಣ್ಣೆಗೂ ಅದೇ ಶಬ್ದ. ನಮ್ಮ ಸೀಮೆಯ ಧನಗರರು ಕೋಲು ಅಡ್ಡಹಿಡಿದು ಕುರಿಗಳನ್ನು ತಿರುಗಿಸುವುದನ್ನು ಕಂಡವರಿಗೆ ಇದರ ಅರ್ಥ ಹೊಳೆದೀತು. ಹೊಡೆತದ ಮಾತೂ ಆ ಗ್ರಂಥದಲ್ಲಿದೆ, ಅಲ್ಲಗಳೆಯಲಾರೆ. ಆದರೂ ಎಫೆಸದವರಿಗೆ ಬರೆದ ಪತ್ರಿಕೆಯು ಮಕ್ಕಳನ್ನು ಕೆರಳಿಸದಂತೆ ಎಚ್ಚರಿಸಿದ್ದು ತಂದೆಗಳನ್ನೇ.

2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಅದು ಶಾಲೆಯ ಬಾಗಿಲಲ್ಲೇ ನಿಲ್ಲುತ್ತದೆ.

ಇಚಲಕರಂಜಿಯಲ್ಲಿದ್ದಾಗ, ಹಾಲು ಚೆಲ್ಲಿದ ಮಗನಿಗೆ ನಾನೂ ಬೆತ್ತ ಬೀಸಿದ್ದೆ. ಮರುದಿನ ಲೋಟ ಜಾರಿತು. ನಾನು ಬಾಯಿ ತೆರೆಯುವ ಮೊದಲೇ ಅವನು ಅಂಗೈ ಚಾಚಿದನು.