ಆಕಾಶದ ಪಾಠಕ್ಕೆ ಮಕ್ಕಳನ್ನು ಹೊರಗೆ ಕರೆತನ್ನಿ

ಮಾಸ್ತರರೇ, ಅಕ್ಕೋರೇ, ಆಗಸ್ಟ್ 23 ಬಂತೆಂದರೆ ನಿಮ್ಮ ಶಾಲೆಯಲ್ಲಿ ಏನು ನಡೆಯುತ್ತದೆ ಎಂದು ನನಗೆ ಗೊತ್ತು. ಹಾನಗಲ್ಲಿನಲ್ಲಾಗಲಿ, ಸವಣೂರಿನಲ್ಲಾಗಲಿ ಥರ್ಮಾಕೋಲಿನ ರಾಕೆಟ್ ಮೇಜಿನ ಮೇಲೆ ನಿಲ್ಲುತ್ತದೆ, ಗೋಡೆಗೆ ಚಾರ್ಟ್ ಏರುತ್ತದೆ, ನಾಲ್ಕು ರಸಪ್ರಶ್ನೆ ಕೇಳಿ ಪೆನ್ನು ಬಹುಮಾನ ಕೊಡುತ್ತೀರಿ. ಮರುದಿನ ರಾಕೆಟ್ಟು ಅಲಮಾರಿನ ಮೇಲೆ ಧೂಳು ತಿನ್ನುತ್ತದೆ. ಬಾಹ್ಯಾಕಾಶ ದಿನ ಮಾಡಿದ್ದು ಒಳ್ಳೆಯದೇ, ಆದರೆ ಪಾಠ ಅಲ್ಲಿಗೇ ಮುಗಿಯಬಾರದು.

ಇಸವಿ ಬಾಯಿಪಾಠ ಮಾಡಿಸಬೇಡಿ ಎಂದು ನಾನು ಹೇಳುವುದಿಲ್ಲ. ಇಸವಿಯ ಹಿಂದೆ ಕಥೆ ಇರಲಿ ಎನ್ನುತ್ತೇನೆ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿತು, 1961ರಲ್ಲಿ ಗಗಾರಿನ್ ಭೂಮಿ ಸುತ್ತಿದ, 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಮೊದಲ ಉಪಗ್ರಹದಿಂದ ಚಂದ್ರನವರೆಗೆ ಹನ್ನೆರಡು ವರ್ಷವೂ ಹಿಡಿಯಲಿಲ್ಲ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ಆಗ ಅವರ ಕಣ್ಣು ಅರಳುವುದನ್ನು ನೋಡಿ.

ಆಮೇಲೆ ನಮ್ಮ ಕಡೆ ಬನ್ನಿ. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿದಾಗ ವಿಜ್ಞಾನಿಗಳ ಕಚೇರಿ ಇದ್ದದ್ದು ಒಂದು ಚರ್ಚಿನಲ್ಲಿ. ಉಡುಪಿ ಕಡೆಯ ಅದಮಾರು ಎಂಬ ಹಳ್ಳಿಯಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ತಂಡ ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಜಾಗ ಸಾಲದೆ ಒಂದು ಶೌಚಾಲಯವನ್ನೇ ತೆರವು ಮಾಡಿ ಮಾಹಿತಿ ಸ್ವೀಕರಿಸುವ ಕೋಣೆ ಮಾಡಿಕೊಂಡಿದ್ದರು. ಸುಮಾರು 360 ಕಿಲೋ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ಲ್ಯಾಬ್ ಇಲ್ಲ, ದೂರದರ್ಶಕ ಇಲ್ಲ, ಹೇಗೆ ಕಲಿಸೋದು ಎಂದು ಕೈ ಚೆಲ್ಲುವವರಿಗೆ ನಾನು ಈ ಕಥೆಯನ್ನೇ ಹೇಳುತ್ತೇನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಗಬೇಡಿ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಗೆದ್ದದ್ದನ್ನು ಮಾತ್ರ ಹೇಳಿ ಸೋತದ್ದನ್ನು ಮುಚ್ಚಿಡುವ ಚಾಳಿ ಬಿಡಿ. 1979ರ ಆಗಸ್ಟ್‌ನಲ್ಲಿ ನಮ್ಮ ಎಸ್‌ಎಲ್‌ವಿ-3 ರಾಕೆಟ್ ಮೊದಲ ಯತ್ನದಲ್ಲಿ ವಿಫಲವಾಯಿತು, ಮುಂದಿನ ವರ್ಷ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಈಗ ಎಲ್ಲರೂ ನೆಚ್ಚುವ ಪಿಎಸ್‌ಎಲ್‌ವಿ ಕೂಡ 1993ರಲ್ಲಿ ಮೊದಲ ಹಾರಾಟದಲ್ಲಿ ಸೋತಿತ್ತು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ನೆಲಕ್ಕೆ ಅಪ್ಪಳಿಸಿದ್ದು ನಿಮಗೇ ನೆನಪಿದೆ. ಆದರೆ ಆಮೇಲೆ ಏನು ಮಾಡಿದರು ಎಂಬುದನ್ನು ಮಕ್ಕಳಿಗೆ ಹೇಳಿದ್ದೀರಾ? ಇಳಿಯುವ ಜಾಗವನ್ನು ಅರ್ಧ ಕಿಲೋಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಕಾಲು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು. ಏನೇನು ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಿ ಒಂದೊಂದಕ್ಕೂ ಉಪಾಯ ಹುಡುಕಿದರು. ಹಾಗಾಗಿಯೇ 2023ರ ಆಗಸ್ಟ್ 23ರ ಸಂಜೆ ಆರು ಗಂಟೆ ದಾಟುತ್ತಿದ್ದಂತೆ ಚಂದ್ರಯಾನ-3 ಮೆಲ್ಲಗೆ ಇಳಿಯಿತು. ಗಣಿತದಲ್ಲಿ ಹನ್ನೆರಡು ಅಂಕ ಬಂತೆಂದು ಮುಖ ಮುಚ್ಚಿಕೊಂಡು ಕೂತ ಹುಡುಗನಿಗೆ ಇದಕ್ಕಿಂತ ಬೇಕಾದ ಪಾಠ ಬೇರೆ ಇದೆಯೇ?

ಉಪಗ್ರಹ ಎಂದರೆ ಎಲ್ಲೋ ದೂರದ್ದು ಎಂದು ಮಕ್ಕಳು ತಿಳಿಯದಿರಲಿ. ಅವರ ಅಪ್ಪ ಗೋವಿನಜೋಳ ಬಿತ್ತುವ ಮುಂಚೆ ಕೇಳುವ ಮಳೆಯ ಮುನ್ಸೂಚನೆಯಲ್ಲಿ ಉಪಗ್ರಹದ ಚಿತ್ರಗಳ ಪಾಲಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ದೇಶದ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಪಾಠ ಬರುತ್ತಿತ್ತು. ಅವುಗಳಲ್ಲಿ ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು.

ಈಗ ನಿಮ್ಮ ಕೈಯಲ್ಲೇ ಇರುವ ಸಂಪತ್ತಿನ ಮಾತು. ಬೆಂಗಳೂರಿನ ಮಕ್ಕಳಿಗೆ ದೀಪದ ಬೆಳಕಿನಲ್ಲಿ ನಕ್ಷತ್ರವೇ ಕಾಣುವುದಿಲ್ಲ. ಹಿರೇಕೆರೂರು, ಶಿಗ್ಗಾಂವಿ ಸುತ್ತಿನ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಆಕಾಶವೇ ಬಿಚ್ಚಿಟ್ಟ ಪುಸ್ತಕ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೇಕೆ? ಮಳೆಗಾಲ ಕಳೆದ ಮೇಲೆ ತಿಂಗಳಿಗೊಂದು ಸಂಜೆ ಪಾಲಕರನ್ನೂ ಸೇರಿಸಿಕೊಂಡು ಶಾಲೆಯ ಮೈದಾನದಲ್ಲಿ ಕೂರಿಸಿ. ಕೆರೆ ಏರಿಯ ಮೇಲೆ ಮಾತ್ರ ಬೇಡ, ಕತ್ತಲಲ್ಲಿ ಕಾಲು ಜಾರೀತು. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣ ನಸುಕಿನಲ್ಲೋ ಮುಸ್ಸಂಜೆಯಲ್ಲೋ ಹಾದುಹೋದರೆ ಬರಿಗಣ್ಣಿಗೇ ಕಾಣುತ್ತದೆ. ಮಿನುಗುವುದಿಲ್ಲ, ಒಂದೇ ವೇಗದಲ್ಲಿ ಸಾಗುತ್ತದೆ. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ಅಲ್ಲಿಯೇ ಇದ್ದು ಬಂದರು ಎಂದು ಹೇಳಿ. ಹಗಲಿಗೆ ಒಂದು ನಿಂಬೆಹಣ್ಣು, ಒಂದು ಕಡಲೆಕಾಳು ತನ್ನಿ. ನಿಂಬೆ ಭೂಮಿಯಾದರೆ ಕಡಲೆ ಚಂದ್ರ. ಎರಡರ ನಡುವೆ ಎಷ್ಟು ದೂರ ಎಂದು ಕೇಳಿ. ಮಕ್ಕಳು ಒಂದು ಗೇಣು ತೋರಿಸುತ್ತಾರೆ. ನೀವು ನಾಲ್ಕು ಅಡಿ ದೂರ ಇಟ್ಟು ತೋರಿಸಿ. ನಿಲ್ದಾಣ ಇರುವುದು ನಿಂಬೆಯ ಸಿಪ್ಪೆಯಿಂದ ಒಂದು ಸಾಸಿವೆಕಾಳಿನಷ್ಟು ಎತ್ತರದಲ್ಲಿ. ಚಂದ್ರನಿಗೆ ಹೋಗುವುದು ಯಾಕೆ ಅಷ್ಟು ಕಷ್ಟ ಎಂಬುದು ಭಾಷಣವಿಲ್ಲದೆ ತಿಳಿಯುತ್ತದೆ.

ಗ್ರಹಣದ ವಿಷಯದಲ್ಲಿ ಸ್ವಲ್ಪ ಬೈಯಲೇಬೇಕು. 1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಕಡೆಯಿಂದ ಹಾದುಹೋಯಿತು. ಬಹಳ ಜನ ಬಾಗಿಲು ಹಾಕಿಕೊಂಡು ಒಳಗೇ ಕುಳಿತರು. ನಮ್ಮ ಹಿರಿಯರಾದರೋ ಗ್ರಹಣದ ದಿನ ದಾನ ಕೊಟ್ಟು ತಿಥಿ, ವಾರ ಸಹಿತ ಕಲ್ಲಿನಲ್ಲಿ ಕೊರೆಸಿಟ್ಟವರು. ಅಂಥ ಶಾಸನಗಳಿಂದಲೇ ಇತಿಹಾಸಕಾರರು ಇಸವಿ ಲೆಕ್ಕ ಹಾಕುತ್ತಾರೆ. 2027ರ ಆಗಸ್ಟ್ 2, ಸೋಮವಾರ, ಸಂಜೆಯ ಹೊತ್ತಿಗೆ ನಮ್ಮಲ್ಲಿ ಪಾರ್ಶ್ವ ಗ್ರಹಣವಿದೆ. ಮೋಡ ಇದ್ದೀತು, ಆದರೂ ಸಿದ್ಧರಾಗಿರಿ. ರಟ್ಟಿಗೆ ಸೂಜಿಯಿಂದ ತೂತು ಮಾಡಿ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ. ಎಕ್ಸ್‌ರೇ ಹಾಳೆ, ತಂಪು ಕನ್ನಡಕ, ಅರಿಶಿನ ನೀರಿನ ಪ್ರತಿಬಿಂಬ ಯಾವುದೂ ಬೇಡ. ಹೋದ ಕಣ್ಣು ಮತ್ತೆ ಬರುವುದಿಲ್ಲ.

ಪ್ರವಾಸಕ್ಕೆ ಪ್ರತಿವರ್ಷ ನೀರಿನ ಪಾರ್ಕಿಗೇ ಕರೆದೊಯ್ಯುವವರಿಗೂ ಒಂದು ಮಾತು. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ ನಿಮಗೆ ಹತ್ತಿರದಲ್ಲೇ ಇದೆ. ಬೆಂಗಳೂರಿಗೆ ಹೋದರೆ ನೆಹರೂ ತಾರಾಲಯ ತಪ್ಪಿಸಬೇಡಿ. ಕೋಶ ಓದು, ದೇಶ ನೋಡು ಎಂದದ್ದು ಇದಕ್ಕೇ.

ಮುಂದಿನ ದಿನಗಳೂ ಮಕ್ಕಳ ಪಾಠದಲ್ಲಿರಲಿ. ಗಗನಯಾನ, ಚಂದ್ರನ ಮಣ್ಣು ತರುವ ಚಂದ್ರಯಾನ-4, 2035ಕ್ಕೆ ನಮ್ಮದೇ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯರು. ಇವು ದೇಶ ಇಟ್ಟುಕೊಂಡ ಗುರಿಗಳು. ಇಂದು ಆರನೇ ತರಗತಿಯಲ್ಲಿ ಕೂತಿರುವ ಹುಡುಗಿ ಆ ಹೊತ್ತಿಗೆ ದುಡಿಯುವ ವಯಸ್ಸಿಗೆ ಬಂದಿರುತ್ತಾಳೆ. ಇದೆಲ್ಲ ಗಂಡುಮಕ್ಕಳ ಕೆಲಸ ಎಂದು ಬಾಯಿತಪ್ಪಿಯೂ ಅನ್ನಬೇಡಿ. ಎಲ್ಲರೂ ದೊಡ್ಡ ವಿಜ್ಞಾನಿಯೇ ಆಗಬೇಕೆಂದೂ ಹೆದರಿಸಬೇಡಿ, ಐಟಿಐ ಕಲಿತವರನ್ನೂ ಇಸ್ರೋ ಕೆಲಸಕ್ಕೆ ತೆಗೆದುಕೊಳ್ಳುತ್ತದೆ.

ಒಂಬತ್ತನೇ ತರಗತಿಯವರಿಗಾಗಿ ಇಸ್ರೋ 2019ರಲ್ಲಿ ಯುವಿಕಾ ಎಂಬ ಬೇಸಿಗೆ ಶಿಬಿರ ಶುರು ಮಾಡಿತು. ಆಯ್ಕೆಯಲ್ಲಿ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಯ ಮಕ್ಕಳಿಗೆ ಹೆಚ್ಚಿನ ಅಂಕವಿದೆ. ಆದರೂ ನಮ್ಮ ಎಷ್ಟೋ ಶಾಲೆಗಳಲ್ಲಿ ಅದರ ಸುದ್ದಿಯೇ ಇಲ್ಲ. ಎಂಟನೇ ತರಗತಿಯ ಅಂಕ, ವಿಜ್ಞಾನ ಮೇಳದ ಪ್ರಮಾಣಪತ್ರ, ಸ್ಕೌಟ್ಸ್ ಚೀಟಿ ಎಲ್ಲಕ್ಕೂ ಅಲ್ಲಿ ಬೆಲೆಯಿದೆ, ಒಂದು ಫೈಲಿನಲ್ಲಿ ಜೋಡಿಸಿಡಿ. ಹೊಸ ವರ್ಷ ಬಂದ ಕೂಡಲೇ ಇಸ್ರೋದ ಜಾಲತಾಣದ ಮೇಲೆ ಕಣ್ಣಿಡಿ. ಅರ್ಜಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ, ಅವತ್ತೇ ಕರೆಂಟ್ ಹೋದರೆ ಮಗುವಿನ ಒಂದು ವರ್ಷ ಹೋದಂತೆ.