ನೀರಿಗೆ ಹೊರದಾರಿ ಬಿಡಿಸಿ

ಕಾರಿನೊಳಗೆ ಮಳೆನೀರು ಸೇರುತ್ತಿದೆ ಎನ್ನುವುದು ಮೊದಲು ಗೊತ್ತಾಗುವುದು ಮೂಗಿಗೆ. ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಹೊಡೆಯುತ್ತದೆ. ಬೆಳಿಗ್ಗೆ ನೋಡಿದರೆ ಗಾಜುಗಳೆಲ್ಲ ಒಳಗಿನಿಂದ ಮಂಜು ಹಿಡಿದಿರುತ್ತವೆ, ಸೀಟ್ ಬೆಲ್ಟಿನ ಮೇಲೆ ಬೂದು ಬಣ್ಣದ ಬೂಷ್ಟು ಎದ್ದಿರುತ್ತದೆ. ಮ್ಯಾಟ್ ಎತ್ತಿ ಕಾರ್ಪೆಟ್ ಸವರಿದರೆ ಒಣಗಿದಂತೆಯೇ ಅನ್ನಿಸುತ್ತದೆ. ಅಂಗೈ ಊರಿ ಜೋರಾಗಿ ಒತ್ತಿ ನೋಡಿ, ಬೆರಳ ಸಂದಿಯಿಂದ ನೀರು ಉಕ್ಕುತ್ತದೆ. ಕಾರ್ಪೆಟ್ಟಿನ ಕೆಳಗೆ ಸ್ಪಂಜಿನ ದಪ್ಪ ಪದರವೊಂದಿದೆ. ಲೀಟರುಗಟ್ಟಲೆ ಕುಡಿದರೂ ಅದು ಮೇಲಕ್ಕೆ ಸುಳಿವು ಕೊಡುವುದಿಲ್ಲ.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಯ ಕಡೆಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಜೂನ್ ಹಿಡಿದು ಸೆಪ್ಟೆಂಬರ್ ಮುಗಿಯುವವರೆಗೆ ಇಲ್ಲಿ ಒದ್ದೆಯಾದದ್ದು ತಾನಾಗಿ ಒಣಗುವ ಮಾತೇ ಇಲ್ಲ. ಬಯಲುಸೀಮೆಯಲ್ಲಿ ಎರಡು ದಿನದ ಬಿಸಿಲು ಮರೆಸಿಬಿಡುವ ಸಣ್ಣ ಸೋರಿಕೆ ನಮ್ಮಲ್ಲಿ ಒಂದೇ ಮಳೆಗಾಲದಲ್ಲಿ ನೆಲದ ತಗಡಿಗೆ ತುಕ್ಕು ಹತ್ತಿಸುತ್ತದೆ. ಹಾಗಾಗಿ ಈ ವಿಷಯವನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಂಡವನು.

ನಮ್ಮ ಹಳೆಯ ಹ್ಯಾಚ್‌ಬ್ಯಾಕಿನಲ್ಲಿ ನೀರು ನಿಲ್ಲುತ್ತಿದ್ದದ್ದು ಮುಂದಿನ ಎಡಸೀಟಿನ ಕಾಲ ಬುಡದಲ್ಲಿ. ಆಗುಂಬೆ ಘಾಟಿ ಇಳಿದು ಸೋಮೇಶ್ವರದ ಕಡೆ ಹೋಗುವಾಗ ಅದು ಮುಂದಕ್ಕೆ ಹರಿದು ಪಾದಕ್ಕೆ ತಾಗುತ್ತಿತ್ತು. ಹತ್ತುವಾಗ ಹಿಂದಿನ ಸೀಟಿನವರ ಚಪ್ಪಲಿ ನೆನೆಯುತ್ತಿತ್ತು. ನೋಡಿದವರೆಲ್ಲ ಬಾಗಿಲಿನ ಬೀಡಿಂಗ್ ಹೋಗಿದೆ ಎಂದರು. ನಮ್ಮೂರಿನ ಟಿಂಕರಿಂಗ್ ಮೇಸ್ತ್ರಿ ಮಾತ್ರ ಬೀಡಿಂಗನ್ನು ಮುಟ್ಟಲೇ ಇಲ್ಲ. “ನೀರು ಕಂಡಲ್ಲಿ ತೂತು ಹುಡುಕಬೇಡಿ ಮಾರಾಯ್ರೆ, ಅದು ಎಲ್ಲಿಂದ ಇಳಿದು ಬಂತು ನೋಡಿ” ಎಂದರು. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಚು ಒಡೆದದ್ದು ಒಂದು ಕಡೆ, ನೀರು ರೀಪು ಹಿಡಿದು ಜಾರಿ ಹನಿಯುವುದು ಇನ್ನೊಂದು ಕಡೆ.

ಕಾರಿನ ವಿಚಾರದಲ್ಲಿ ಇನ್ನೂ ಒಂದು ಮಾತು ತಿಳಿದಿರಬೇಕು. ಹಂಚಿನ ಮಾಡು ನೀರನ್ನು ಹೊರಗೇ ತಡೆಯುತ್ತದೆ. ಕಾರಿನ ಮೈ ಹಾಗಲ್ಲ. ಅದು ಎಷ್ಟೋ ಕಡೆ ನೀರನ್ನು ಒಳಗೆ ಬಿಟ್ಟುಕೊಂಡು, ಬೇರೆ ದಾರಿಯಿಂದ ಹೊರಗೆ ಕಳಿಸುತ್ತದೆ. ಆ ಹೊರದಾರಿ ಕಟ್ಟಿಕೊಂಡಾಗ ನೀರು ನಾವು ಕೂರುವ ಜಾಗಕ್ಕೆ ನುಗ್ಗುತ್ತದೆ. ನಾನು ಕಂಡ ಸೋರಿಕೆಗಳಲ್ಲಿ ಹೆಚ್ಚಿನವು ತೂತು ಬಿದ್ದು ಆದದ್ದಲ್ಲ, ಇರಬೇಕಾದ ತೂತು ಮುಚ್ಚಿ ಆದದ್ದು.

ಮೇಸ್ತ್ರಿ ಬಾನೆಟ್ ಎತ್ತಿ ವೈಪರ್ ಕಡ್ಡಿಗಳನ್ನು ಬಿಚ್ಚಿದರು. ಮುಂಗಾಜಿನ ಬುಡದಲ್ಲಿ ಉದ್ದಕ್ಕೂ ಕಪ್ಪು ಪ್ಲಾಸ್ಟಿಕ್ ಜಾಲರಿ ಇರುತ್ತದಲ್ಲ, ಅದಕ್ಕೆ ಗ್ಯಾರೇಜಿನವರು ಕೌಲ್ ಎನ್ನುತ್ತಾರೆ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಈ ಜಾಲರಿಯ ಮೂಲಕ ಕೆಳಗಿನ ತಗಡಿನ ಕಾಲುವೆಗೆ ಇಳಿಯುತ್ತದೆ. ಕಾಲುವೆಯ ತುದಿಗಳಲ್ಲಿರುವ ಕಿಂಡಿಗಳಿಂದ ಮುಂದಿನ ಚಕ್ರದ ಹಿಂಬದಿಗೆ ಸುರಿದು ಹೋಗುತ್ತದೆ. ಒಳಗಿನ ಬ್ಲೋವರ್ ಹೊರಗಾಳಿ ಎಳೆದುಕೊಳ್ಳುವುದೂ ಬಹುತೇಕ ಕಾರುಗಳಲ್ಲಿ ಇದೇ ಕಾಲುವೆಯಿಂದ. ಜಾಲರಿ ತೆಗೆದಾಗ ಕಂಡದ್ದು ಕೊಳೆತು ಗೊಬ್ಬರವಾಗಿದ್ದ ಅಕೇಶಿಯಾ ಎಲೆ, ಮಾವಿನ ಹೂವಿನ ಪುಡಿ, ಕಪ್ಪು ಕೆಸರು. ಎಡತುದಿಯ ಕಿಂಡಿ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಒಂದು ಚೆಂಬು ನೀರು ಹುಯ್ದರೆ ನಿಂತೇಬಿಟ್ಟಿತು. ಮಟ್ಟ ಏರಿದ ಹಾಗೆ ಬ್ಲೋವರಿನ ಗಾಳಿಬಾಯಿಯ ಅಂಚು ದಾಟಿ ಒಳಗೆ ಇಳಿಯಿತು, ಗ್ಲೋವ್ ಬಾಕ್ಸಿನ ಕೆಳಗಿಂದ ತೊಟ್ಟಿಕ್ಕಲು ಶುರುವಾಯಿತು. ಕೆಸರನ್ನು ಕೈಯಿಂದಲೇ ಬಾಚಿ, ಕಿಂಡಿಗೆ ಮೆತ್ತನೆಯ ತಂತಿ ಆಡಿಸಿದಾಗ ನಿಂತ ನೀರು ಗಳಗಳನೆ ಚಕ್ರದ ಹಿಂದೆ ಸುರಿಯಿತು. ಖರ್ಚೆಂದರೆ ಜಾಲರಿ ಕಚ್ಚಿಸುವ ಕೆಲವು ಪ್ಲಾಸ್ಟಿಕ್ ಕ್ಲಿಪ್ಪುಗಳದ್ದು ಮಾತ್ರ.

ಮರದಡಿ ಕಾರು ನಿಲ್ಲಿಸುವವರು ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲು, ಈ ಕಾಲುವೆ ನೋಡಲೇಬೇಕು. ಜಾಲರಿ ಬಿಚ್ಚಲು ಬಾರದಿದ್ದರೆ ಮೇಲಿಂದಲೇ ಒಂದು ಚೆಂಬು ನೀರು ಹುಯ್ದು, ಎರಡೂ ಬದಿ ಕೆಳಗೆ ಬಗ್ಗಿ ನೋಡಿದರೂ ಸಾಕು.

ಬಾಗಿಲಿನದೂ ಇದೇ ಸಂಗತಿ. ಏರಿಳಿಯುವ ಗಾಜಿನ ಪಕ್ಕದ ರಬ್ಬರ್ ನೀರನ್ನು ಪೂರ್ತಿ ತಡೆಯಲಾರದು. ನೀರು ಬಾಗಿಲಿನ ಹೊಟ್ಟೆಗೆ ಇಳಿದು ಕೆಳ ಅಂಚಿನ ತೂತುಗಳಿಂದ ಹೋಗುತ್ತದೆ. ಬಾಗಿಲು ಹಾಕುವಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ಆ ತೂತುಗಳು ಮಣ್ಣಿನಿಂದ ಕಟ್ಟಿವೆ ಎಂದರ್ಥ. ಇನ್ನು ಡೋರ್ ಪ್ಯಾಡಿನ ಹಿಂದೆ ಒಂದು ತೆಳು ಪ್ಲಾಸ್ಟಿಕ್ ಹಾಳೆಯನ್ನು ಕಪ್ಪು ಅಂಟಿನಿಂದ ಹಚ್ಚಿರುತ್ತಾರೆ. ಹಿಂಬಾಗಿಲಿನ ಪವರ್ ವಿಂಡೋ ಮೋಟಾರು ಬದಲಿಸಿದ ಮೇಲೆ ನಮ್ಮ ಕಾರಿನಲ್ಲಿ ಅಮ್ಮನ ಸೀರೆಯಂಚು ನೆನೆಯತೊಡಗಿತು. ಪ್ಯಾಡ್ ತೆಗೆಸಿ ನೋಡಿದರೆ ಆ ಹಾಳೆಯ ಕೆಳಭಾಗ ಹರಿದು ಜೋತುಬಿದ್ದಿತ್ತು. ಸ್ಪೀಕರ್ ಹಾಕಿಸಿದ ಮೇಲೂ, ಲಾಕ್ ರಿಪೇರಿಯಾದ ಮೇಲೂ ಹೀಗಾಗುವುದುಂಟು. ಬ್ಯುಟೈಲ್ ಟೇಪಿನಿಂದ ಹಾಳೆಯನ್ನು ಸುತ್ತ ಮತ್ತೆ ಅಂಟಿಸಿದರೆ ಕೆಲಸ ಮುಗಿಯಿತು. ಬಾಗಿಲಿನ ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ಆ ಹಾಳೆ ಸರಿಯಾಗಿ ಕೂತಿತೇ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಬೆಂಗಳೂರಿನ ನಮ್ಮ ಭಾವನ ಕಾರಿಗೆ ಸನ್‌ರೂಫ್ ಇದೆ. ನಿಲ್ಲುವುದು ಮಳೆಮರದ ಕೆಳಗೆ. ಬ್ರೇಕ್ ಹಾಕಿದಾಗ ತಲೆಯ ಮೇಲಿನ ದೀಪದ ಹತ್ತಿರ ನೀರು ಸುರಿಯುತ್ತಿತ್ತು. ಸನ್‌ರೂಫ್ ಗಾಜಿನ ಸುತ್ತ ಒಂದು ತಟ್ಟೆ ಇರುತ್ತದೆ. ಅದರ ಮೂಲೆಗಳಿಂದ ಸಣ್ಣ ಕೊಳವೆಗಳು ಕಂಬಗಳೊಳಗೆ ಇಳಿದು ಹೊರಬೀಳುತ್ತವೆ. ಮಳೆಮರದ ಸಣ್ಣ ಎಲೆ, ಹೂವಿನ ಎಳೆ ಅಲ್ಲಿ ಸಿಕ್ಕಿಕೊಂಡಿದ್ದವು. ಊರಿಂದ ಒಯ್ದಿದ್ದ ವೀಡ್ ಕಟರಿನ ನೈಲಾನ್ ದಾರವನ್ನು ನಿಧಾನ ತೂರಿಸಿ ಬಿಡಿಸಿದೆವು. ಇಲ್ಲಿ ಕಂಪ್ರೆಸರ್ ಗಾಳಿ ಹೊಡೆಸಬಾರದು. ಕೊಳವೆ ಕಂಬದೊಳಗೆ ಎಲ್ಲೋ ಕಳಚಿಕೊಂಡರೆ ಅದನ್ನು ಮತ್ತೆ ಸೇರಿಸಲು ಒಳಚಾವಣಿಯನ್ನೇ ಇಳಿಸಬೇಕಾಗುತ್ತದೆ.

ಹೊರದಾರಿಗಳೆಲ್ಲ ಸರಿ ಇದ್ದೂ ಸೋರುತ್ತಿದ್ದರೆ ಆಗ ತೂತು ಹುಡುಕುವ ಕೆಲಸ. ಅದಕ್ಕೆ ಇಬ್ಬರು ಬೇಕು, ತಾಳ್ಮೆ ಬೇಕು. ಒಳಗೆ ಮೊದಲು ಒಣಗಿಸಿ, ಕಾರ್ಪೆಟ್ ಎತ್ತಿ, ತಗಡಿನ ಮೇಲೆ ಹಳೆಯ ಪತ್ರಿಕೆ ಹಾಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಹೊರಗಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಒಂದೊಂದು ಜಾಗದಲ್ಲಿ ಕೆಲವು ನಿಮಿಷ ನಿಲ್ಲಬೇಕು. ಮೇಲಿಂದ ಹುಯ್ದರೆ ಇಡೀ ಕಾರು ನೆನೆದು ಯಾವ ಜಾಗ ಸೋರಿತೆಂದು ತಿಳಿಯುವುದೇ ಇಲ್ಲ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರೂ ಬೇಡ. ಮಳೆ ಎಂದೂ ಹೋಗದ ಜಾಗಕ್ಕೆ ಅದು ನೀರನ್ನು ನುಗ್ಗಿಸುತ್ತದೆ. ಕಾರು ದಿನಾ ಯಾವ ಇಳಿಜಾರಿನಲ್ಲಿ ನಿಲ್ಲುತ್ತದೋ ಅದೇ ಜಾಗದಲ್ಲಿ, ಅದೇ ಮುಖವಾಗಿ ನಿಲ್ಲಿಸಿ ಪರೀಕ್ಷಿಸಬೇಕು. ನಮ್ಮ ಅಂಗಳ ಮುಂದಕ್ಕೆ ವಾಲಿದೆ. ಗ್ಯಾರೇಜಿನ ಸಪಾಟು ನೆಲದಲ್ಲಿ ತೋರದ ಸೋರಿಕೆ ಅಂಗಳದಲ್ಲಿ ತೋರಿದ್ದುಂಟು.

ಬೀಡಿಂಗ್ ಮೇಲೆಯೇ ಅನುಮಾನವಿದ್ದರೆ ಅದಕ್ಕೆ ಟಾಲ್ಕಂ ಪೌಡರ್ ಬಳಿದು ಬಾಗಿಲು ಹಾಕಿ ತೆಗೆಯಿರಿ. ತಗಡಿನ ಮೇಲೆ ಬಿಳಿ ಗೆರೆ ಎಲ್ಲಿ ತಪ್ಪಿದೆಯೋ ಅಲ್ಲಿ ರಬ್ಬರ್ ಕೂರುತ್ತಿಲ್ಲ. ಗಾಜೆಲ್ಲ ಏರಿಸಿ, ಹೊರಗಾಳಿ ಬರುವಂತೆ ಬ್ಲೋವರನ್ನು ಪೂರ್ತಿ ಹಾಕಿ, ಸಂದುಗಳಿಗೆ ಹೊರಗಿಂದ ಸೋಪಿನ ನೀರು ಸವರಿದರೆ ಗುಳ್ಳೆ ಏಳುವ ಕಡೆ ಗಾಳಿ ನುಸುಳುತ್ತಿದೆ ಎಂದು ತಿಳಿಯುತ್ತದೆ.

ಎಲ್ಲ ನೀರೂ ಮಳೆಯದಲ್ಲ ಎನ್ನುವುದೂ ನೆನಪಿರಲಿ. ಮಳೆ ಇಲ್ಲದ ದಿನ ಎ.ಸಿ. ಹಾಕಿದಾಗಲೂ ಎಡಗಾಲ ಬುಡ ನೆನೆದರೆ ಎ.ಸಿ.ಯ ನೀರು ಹೊರಹೋಗುವ ಕೊಳವೆ ಕಟ್ಟಿದೆ. ನೀರು ಅಂಟಂಟಾಗಿ, ಸಿಹಿ ವಾಸನೆಯಿದ್ದರೆ ಅದು ಕೂಲೆಂಟ್, ತಡಮಾಡದೆ ಮೆಕ್ಯಾನಿಕ್ ಬಳಿ ಹೋಗಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿಯ ಗುಂಡಿ ತುಂಬಿದ್ದರೆ ಹಿಂದಿನ ದೀಪಗಳ ಹಿಂಬದಿಯ ಗ್ಯಾಸ್ಕೆಟ್ ಮೊದಲು ನೋಡಿ, ಆಮೇಲೆ ತಗಡು ತಗಡು ಸೇರುವ ಸಂದುಗಳ ಸೀಲರ್ ಬಿರಿದಿದೆಯೇ ನೋಡಿ. ಹಳೆಯ ಕಾರು ಕೊಳ್ಳುವವರಂತೂ ಸ್ಟೆಪ್ನಿ ಎತ್ತದೆ ಮಾತು ಮುಗಿಸಬಾರದು.

ಸಿಕ್ಕಸಿಕ್ಕಲ್ಲಿ ಸಿಲಿಕೋನ್ ಬಳಿಯುವ ಅಭ್ಯಾಸ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಆಮ್ಲ ಬಿಡುತ್ತದೆ, ಬಣ್ಣ ಹೋದ ತಗಡಿಗೆ ಅದರಿಂದಲೇ ತುಕ್ಕು ಹಿಡಿಯುತ್ತದೆ. ಮುಂದೆ ಅಲ್ಲಿ ಬಣ್ಣವೂ ಕಚ್ಚುವುದಿಲ್ಲ. ಎಷ್ಟೋ ಸಲ ನೀರಿನ ಹೊರದಾರಿಯನ್ನೇ ಅದು ಮುಚ್ಚಿಬಿಡುತ್ತದೆ. ಕಾರಿನ ಬಾಡಿಗೆಂದೇ ಇರುವ ಪಾಲಿಯುರೆಥೇನ್ ಸೀಲರ್ ಬಳಸಿ, ಅದೂ ಜಾಗ ಖಚಿತವಾಗಿ ಸಿಕ್ಕಿದ ಮೇಲೆ, ತುಕ್ಕು ಕೆರೆದು ಒಣಗಿಸಿದ ಮೇಲೆ. ಮುಂಗಾಜಿನ ಅಂಚೇ ಸೋರುತ್ತಿದ್ದರೆ ಮನೆಯಲ್ಲಿ ಕೈಹಾಕಬೇಡಿ. ಆ ಅಂಟು ಗಾಜನ್ನಷ್ಟೇ ಹಿಡಿದಿಲ್ಲ. ಅಪಘಾತದಲ್ಲಿ ಕಾರಿನ ಮೈ ಕುಸಿಯದಂತೆ ತಡೆಯುವುದರಲ್ಲೂ ಅದರ ಪಾಲಿದೆ. ಗಾಜು ಕೂರಿಸುವ ಕಸುಬಿನವರೇ ಬಿಚ್ಚಿ ಹೊಸದಾಗಿ ಅಂಟಿಸಬೇಕು.

ಸೋರಿಕೆ ನಿಲ್ಲಿಸಿದ್ದು ಅರ್ಧ ಕೆಲಸ, ಒಣಗಿಸುವುದು ಇನ್ನರ್ಧ. ಸೀಟು ತೆಗೆಯುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಸ್ವಲ್ಪ ಹೊತ್ತು ಬಿಡಿ. ಸೀಟಿನಡಿಯ ಹಳದಿ ಕನೆಕ್ಟರುಗಳು ಏರ್‌ಬ್ಯಾಗ್ ವ್ಯವಸ್ಥೆಯವು, ಬ್ಯಾಟರಿ ಇರುವಾಗ ಮುಟ್ಟಬಾರದು. ಉಳಿದ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಿ. ಸೆಂಟ್ರಲ್ ಲಾಕ್ ತಾನಾಗಿ ಆಡುವುದು, ಡ್ಯಾಶ್‌ಬೋರ್ಡಿನಲ್ಲಿ ಕಾರಣವಿಲ್ಲದೆ ದೀಪ ಹೊತ್ತುವುದು ಎಷ್ಟೋ ಬಾರಿ ಈ ಕಿಲುಬಿನಿಂದ. ಸ್ಪಂಜಿನ ಪದರವನ್ನು ಕಾರ್ಪೆಟ್ಟಿನೊಂದಿಗೆ ಪೂರ್ತಿ ಹೊರತೆಗೆದು ತುಳಿದು ಹಿಂಡಬೇಕು. ಮೇಲೆ ಫ್ಯಾನ್ ಹಾಕಿ ಒಣಗಿಸಿದರೆ ಒಳಗೆ ನೀರು ಹಾಗೇ ಇರುತ್ತದೆ. ಮಳೆಗಾಲದಲ್ಲಿ ನಾವು ಅದನ್ನು ಹಂಡೆ ಒಲೆಯಿರುವ ಬಚ್ಚಲುಮನೆಯಲ್ಲಿ, ಬೆಂಕಿಯಿಂದ ದೂರ, ತೊಲೆಗೆ ನೇತುಹಾಕಿದೆವು. ತಗಡಿನ ತುಕ್ಕನ್ನು ತಂತಿಬ್ರಷ್‌ನಿಂದ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹೊಡೆಸಿದೆವು.

ಆಮೇಲೂ ಕಾರ್ಪೆಟ್ ಹಾಸಲು ಅವಸರ ಮಾಡಬಾರದು. ಬರಿ ತಗಡಿನ ಮೇಲೆ ಪತ್ರಿಕೆ ಹಾಸಿ ಕಾರನ್ನು ಒಂದು ಜಡಿಮಳೆಗೆ ಬಿಡಿ, ಘಾಟಿ ರಸ್ತೆ ಹತ್ತಿರವಿದ್ದರೆ ಹತ್ತಿ ಇಳಿಸಿ. ಹಾಳೆಯ ಯಾವ ಮೂಲೆ ನೆನೆದರೂ ಅಲ್ಲಿಂದ ಮೇಲಕ್ಕೆ ಮತ್ತೆ ಹುಡುಕಬೇಕು. ಎಲ್ಲವೂ ಒಣಗಿಯೇ ಇದ್ದರೆ ಕಾರ್ಪೆಟ್ ಹಾಸಿ ಸೀಟಿನ ಬೋಲ್ಟುಗಳನ್ನು ಬಿಗಿಯಬಹುದು.